ಮಾಸ್ತರರು ಬಿಟ್ಟ ಪಾಠ

ಶಾಲೆಯಲ್ಲಿ ಇತಿಹಾಸ ಕಲಿಸಲು ಹೊರಟಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಮನುಷ್ಯರು ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಮಕ್ಕಳಿಗೆ ಹೇಳಲೇಬೇಕೆ? ಅದನ್ನು ಅನುಭವಿಸಿದವರ ಮಕ್ಕಳಿಗೆ ನೋವಾಗುತ್ತದೆ. ಬಿಟ್ಟುಬಿಟ್ಟರೆ ಒಳಿತಲ್ಲವೆ?"

ಗುರು ಹೇಳಿದರು:

ಘಟ್ಟದ ಮೇಲೆ ಕಾಡಂಚಿನಲ್ಲಿ ಒಂದು ಶಾಲೆಯಿತ್ತು. ಅಲ್ಲೊಬ್ಬ ಮಾಸ್ತರರು, ಮೃದು ಮನಸ್ಸಿನವರು. ಅವರ ತರಗತಿಯಲ್ಲಿ ಸೆಲಿನಾ ಎಂಬ ಸಿದ್ದಿ ಹುಡುಗಿಯಿದ್ದಳು. ಅವಳ ಗುಂಗುರು ಕೂದಲನ್ನೂ ಕಪ್ಪು ಬಣ್ಣವನ್ನೂ ಕಂಡು ಉಳಿದ ಮಕ್ಕಳು ನಗುತ್ತಿದ್ದರು. ಒಂದು ದಿನ, ಸಿದ್ದಿಗಳ ಪೂರ್ವಜರಾದ ಆಫ್ರಿಕದ ಜನರನ್ನು ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ ಪಾಠ ಬಂತು. ಸೆಲಿನಾ ತಲೆ ತಗ್ಗಿಸಿದಳು. ಮಾಸ್ತರರಿಗೆ ಕನಿಕರವಾಯಿತು. ಆ ಪಾಠ ಬಿಟ್ಟು ಮುಂದಿನದಕ್ಕೆ ಹೋದರು.

ಹುಡುಗಿ ಮನೆಯಲ್ಲಿ ಹೇಳಿದಳು. ಮರುದಿನ ಅವಳ ಅಜ್ಜಿ ಶಾಲೆಗೆ ಬಂದಳು.

"ಮಾಸ್ತರ್ರೇ, ನಮ್ಮ ಪಾಠ ಯಾಕೆ ಬಿಟ್ಟಿರಿ?"

"ಹುಡುಗಿಗೆ ನೋವಾದೀತು ಅಂತ ಬಿಟ್ಟೆ, ಅಜ್ಜಿ."

"ನಾಚಬೇಕಾದವರು ಮಾರಿದವರು. ನಾವ್ಯಾಕೆ ತಲೆ ತಗ್ಗಿಸಬೇಕು? ಮಾರಿದ್ದು ಅರ್ಧ ಕತೆ. ಉಳಿದರ್ಧ ನನ್ನ ಹತ್ತಿರ ಉಂಟು. ಹೇಳಲಾ?"

ಮಾಸ್ತರರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅಜ್ಜಿ ಕೂರಲಿಲ್ಲ. ನಿಂತೇ ಹೇಳಿದಳು. ತನ್ನ ಮುತ್ತಜ್ಜಿಯ ತಾಯಿ ಧಣಿಯ ಮನೆಯಿಂದ ಓಡಿದ್ದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಘಟ್ಟ ಹತ್ತಿದ್ದು. ಹನ್ನೊಂದು ದಿನ ಗೆಡ್ಡೆ ಅಗೆದು ತಿಂದದ್ದು. ಕೂಸನ್ನು ಬೆನ್ನಿಗೆ ಬಿಗಿದು, ಬಿದಿರು ಹಿಡಿದು, ತುಂಬಿದ ಹೊಳೆ ದಾಟಿದ್ದು. ಹುಡುಕಿಕೊಂಡು ಬಂದವರು ಈಚೆ ದಡದಲ್ಲಿ ನಿಂತಿದ್ದರು. ಆಚೆ ದಡದಿಂದ ಆಕೆ ಕೂಗಿ ಹೇಳಿದಳು: "ನಾನಿನ್ನು ಯಾರ ಆಳೂ ಅಲ್ಲ!"

ಸೆಲಿನಾಳನ್ನು ಎಲ್ಲರಿಗಿಂತ ಹೆಚ್ಚು ಅಣಕಿಸುತ್ತಿದ್ದ ಹುಡುಗನೇ ಕೇಳಿದ: "ಆ ಕೂಸು ಬದುಕಿತಾ, ಅಜ್ಜಿ?"

"ಬದುಕದಿದ್ದರೆ ನಾನೆಲ್ಲಿ ಬರುತ್ತಿದ್ದೆ? ಇವಳೆಲ್ಲಿ ಬರುತ್ತಿದ್ದಳು?"

ಮಕ್ಕಳೆಲ್ಲ ತಿರುಗಿ ಸೆಲಿನಾಳನ್ನು ನೋಡಿದರು. ಯಾರೂ ನಗಲಿಲ್ಲ. ಮಾಸ್ತರರು ಪುಸ್ತಕ ತೆರೆದು ಬಿಟ್ಟ ಪುಟ ಹುಡುಕತೊಡಗಿದರು. ಅಷ್ಟರಲ್ಲಿ ಸೆಲಿನಾ ಎದ್ದು ನಿಂತಿದ್ದಳು.

"ನಾನು ಓದುತ್ತೇನೆ, ಮಾಸ್ತರ್ರೇ."

ಹೊರಗೆ ಅಂಗಳದ ತನಕ ಕೇಳುವಂತೆ ಓದಿದಳು. ಅಜ್ಜಿ ಬಾಗಿಲಲ್ಲಿ ನಿಂತು ಕೊನೆಯ ಸಾಲಿನವರೆಗೂ ಕೇಳಿ ಮನೆಗೆ ಹೋದಳು.

ಇಷ್ಟು ಹೇಳಿ ಗುರು ಶಿಷ್ಯನ ಕಡೆ ನೋಡಿದರು.

"ಮಕ್ಕಳಿಗೆ ನೋವಾಗುತ್ತದೆ ಎಂದೆಯಲ್ಲ, ಯಾವ ಮಗುವನ್ನು ಕೇಳಿದೆ?"