ತಿಮ್ಮಿಯ ಕುತ್ತಿಗೆ

ಒಂದು ಕಾಡಿನಲ್ಲಿ ಮುತ್ತುಗದ ಮರವೊಂದಿತ್ತು. ಅದರ ತುಂಬ ಹರಟೆಮಲ್ಲ ಹಕ್ಕಿಗಳ ಸಂಸಾರ. ಹೊತ್ತು ಇಳಿದರೆ ಸಾಕು, ಎಲ್ಲರೂ ಒಂದೇ ಕೊಂಬೆಯ ಮೇಲೆ ಸಾಲಾಗಿ ಕೂತು ಪಕ್ಕದವಳ ಕುತ್ತಿಗೆಯ ಹೇನು ಹೆಕ್ಕುತ್ತಿದ್ದರು. ತನ್ನ ಕುತ್ತಿಗೆ ತನ್ನ ಕೊಕ್ಕಿಗೆ ಎಟುಕುವುದಿಲ್ಲವಲ್ಲ! ಜೊತೆಗೆ ಊರ ಮೇಲಿನ ಮಾತೆಲ್ಲ ಅಲ್ಲೇ ಆಗುತ್ತಿತ್ತು.

ಅವರಲ್ಲೊಬ್ಬಳು ತಿಮ್ಮಿ. ಇದ್ದಕ್ಕಿದ್ದಂತೆ ಅವಳು ಆ ಸಾಲಿಗೆ ಬರುವುದನ್ನೇ ಬಿಟ್ಟಳು. ದೂರದ ಪೊದೆಯಲ್ಲಿ ಒಬ್ಬಳೇ ಕೂರುವಳು. ಹುಳ ಎದುರಿಗೇ ಹರಿದರೂ ಕೊಕ್ಕು ಚಾಚಳು.

ಹಿರಿಯಳಾದ ಚೌಡಕ್ಕನಿಗೆ ಸುಮ್ಮನಿರಲಾಗಲಿಲ್ಲ. "ಏನೋ ಇದೆ ಕಣ್ರೇ. ಸುಮ್ಮಸುಮ್ಮನೆ ಯಾರಾದರೂ ದೂರ ಹೋಗಿ ಕೂರ್ತಾರಾ?"

ಆಗ ಕಾಡುಬೆಕ್ಕು ಮರದ ಕೆಳಗೆ ನಿಂತು ಮೀಸೆ ತೀಡಿತು. "ಚೌಡಕ್ಕ, ನಾನು ಹೇಳಿದೆ ಅನ್ನಬೇಡಿ. ಅವಳು ಹುಳ ಬಚ್ಚಿಟ್ಟುಕೊಂಡು ಒಬ್ಬಳೇ ತಿಂತಾಳೆ!"

ಹೇಳಿದ್ದು ಬೆಕ್ಕು ಎಂದು ಚೌಡಕ್ಕ ಯೋಚಿಸಲೇ ಇಲ್ಲ. ಸುದ್ದಿ ರುಚಿಯಾಗಿತ್ತು, ಅಷ್ಟೇ ಸಾಕಾಯಿತು. ಸಂಜೆಯೊಳಗೆ ಒಂದು ಹುಳ ನೂರು ಹುಳವಾಯಿತು. ತಿಮ್ಮಿಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಆದರೂ ಕಣ್ಣಾರೆ ಕಾಣದೆ ಚೌಡಕ್ಕನಿಗೆ ಸಮಾಧಾನವಿಲ್ಲ. ಮರುದಿನ ಮೆಲ್ಲಗೆ ಹೋಗಿ ಎಲೆ ಮರೆಯಿಂದ ಇಣುಕಿದಳು. ಪೊದೆಯಲ್ಲಿ ಒಂದು ಹುಳವೂ ಇರಲಿಲ್ಲ. ತಿಮ್ಮಿಯ ಕುತ್ತಿಗೆಯ ಗರಿ ಉದುರಿ ಹೇನು ಮುತ್ತಿತ್ತು. ನಾಲ್ಕು ಹೆಜ್ಜೆ ಆಚೆ ಬೆಕ್ಕು ಕೂತಿತ್ತು!

"ತಿಮ್ಮವ್ವಾ, ನಿನ್ನ ಸಂಕಟ ಅವರಿಗೆ ಹೇಳೀಯ, ಜೋಕೆ. ಸೋಮಾರಿ ಅಂತ ನಗ್ತಾರೆ. ಆ ಚೌಡಕ್ಕ ನಿನ್ನನ್ನ ಹುಳಗಳ್ಳಿ ಅಂತಾಳೆ, ಗೊತ್ತಾ?"

ಹೀಗೆನ್ನುತ್ತಾ ಅದು ಒಂದು ಹೆಜ್ಜೆ ಮುಂದೆ ಬಂತು. ಅದು ಬಂದ ದಾರಿಯಲ್ಲಿ ಹುಲ್ಲು ಹೆಜ್ಜೆಹೆಜ್ಜೆಗೂ ತುಳಿದು ಮಲಗಿತ್ತು. ದಿನಕ್ಕೊಂದು ಹೆಜ್ಜೆಯಂತೆ ಹತ್ತಿರವಾಗುತ್ತಿತ್ತು!

ತಾನು ಹರಡಿದ ಮಾತನ್ನು ಬೆಕ್ಕಿನ ಬಾಯಲ್ಲೇ ಕೇಳಿ ಚೌಡಕ್ಕ ಎಲೆ ಮರೆಯಿಂದ ಹೊರಗೆ ಹಾರಿದಳು. "ನಿನ್ನ ಮೀಸೆ ಸುಟ್ಟುಹೋಗ! ತಿಮ್ಮೀ, ಹಾರೇ!"

"ಆಗಲ್ಲ ಚೌಡಕ್ಕ," ಎಂದಳು ತಿಮ್ಮಿ. ಎಷ್ಟೋ ದಿನಗಳ ಮೇಲೆ ಅವಳ ಬಾಯಿ ತೆರೆದಿತ್ತು. "ಎದೆ ಮೇಲೆ ಕಲ್ಲು ಕೂತ ಹಾಗಿದೆ. ಯಾಕೋ ಗೊತ್ತಿಲ್ಲ. ನನ್ನೊಬ್ಬಳ ಕೈಲಿ ಆಗ್ತಿಲ್ಲ, ಬನ್ನಿ!"

ಬೆಕ್ಕು ನೆಗೆಯಲು ಮೈ ಕುಗ್ಗಿಸಿತು. ಚೌಡಕ್ಕ ಕಿರುಚಿದ್ದು ಇಡೀ ಕಾಡಿಗೆ ಕೇಳಿತು. ಬಳಗವೆಲ್ಲ ಎರಗಿ ಬೆಕ್ಕಿನ ಕಿವಿ, ಮೂಗು ಕುಕ್ಕಿ ಅಟ್ಟಿತು. ಅಂದಿನಿಂದ ಅದು ಎಲ್ಲಿ ಕಾಲಿಟ್ಟರೂ ಹರಟೆಮಲ್ಲಗಳು ಕೂಗಿ ಸಾರುತ್ತವೆ. ಪಾಪ, ಅದಕ್ಕೆ ಒಂದು ಇಲಿಯೂ ಸಿಗುವುದಿಲ್ಲ!

ಸಂಜೆ ತಿಮ್ಮಿಯನ್ನು ಸಾಲಿನ ನಡುವೆ ಕೂರಿಸಿಕೊಂಡರು. ಚೌಡಕ್ಕ ಹೇನು ಹೆಕ್ಕುತ್ತಾ ಕೇಳಿದಳು: "ಮೊದಲೇ ಯಾಕೆ ಹೇಳಲಿಲ್ಲ ತಿಮ್ಮೀ?"

"ನೀವು ಕೇಳಲೇ ಇಲ್ಲವಲ್ಲ."

ಚೌಡಕ್ಕ ಇನ್ನಷ್ಟು ಹತ್ತಿರ ಸರಿದು ಮತ್ತೊಂದು ಹೇನು ಹೆಕ್ಕಿದಳು.

ಎದೆಯ ಕಲ್ಲು ಒಂದೇ ದಿನಕ್ಕೆ ಇಳಿಯಲಿಲ್ಲ. ಕೆಲವು ಸಂಜೆ ತಿಮ್ಮಿಗೆ ಸಾಲಿಗೆ ಬರಲಾಗುತ್ತಿರಲಿಲ್ಲ. ಅಂಥ ದಿನ ಸಾಲೇ ಎದ್ದು ಅವಳ ಪೊದೆಗೆ ಹೋಗುತ್ತಿತ್ತು.

ನೀತಿ: ಮನಸ್ಸಿನ ನೋವನ್ನು ನಮ್ಮವರ ಮುಂದೆ ಬಾಯಿಬಿಟ್ಟು ಹೇಳಬೇಕು, ದೂರ ಕೂತವರನ್ನು ಅನುಮಾನಿಸದೆ ಹತ್ತಿರ ಹೋಗಿ ಕೇಳಬೇಕು. ಅನುಮಾನ ಪಡಬೇಕಾದ್ದು "ಯಾರಿಗೂ ಹೇಳಬೇಡ" ಎನ್ನುವವರ ಮೇಲೆ.