ಹನ್ನೆರಡು ಅಂಕಣದ ನ್ಯಾಯ

ಬಿಳಿಗಲ್ಲುಪಟ್ಟಣದ ದೊರೆ ಸಿಂಗಪ್ಪನಾಯಕರಿಗೆ ತಮ್ಮ ನ್ಯಾಯಬುದ್ಧಿಯ ಬಗ್ಗೆ ಬಹಳ ಗೌರವವಿತ್ತು. ಆ ಗೌರವದಲ್ಲಿ ಬೇರೆಯವರಿಗೂ ಪಾಲು ಸಿಗಲೆಂದು ಅವರು ದಿನವೂ ಒಂದಿಷ್ಟು ತೀರ್ಪು ಕೊಡುತ್ತಿದ್ದರು.

ಪಟ್ಟಣವೋ, ಕೋಟೆಯೊಳಗೆ ಕಿಕ್ಕಿರಿದಿತ್ತು. ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಯವರು ‘ನೂರು ವರ್ಷ’ ಎಂದು ಹರಸುತ್ತಿದ್ದರು. ಅಂಥ ಊರಿನ ನಟ್ಟನಡುವೆ, ಪೇಟೆ ಚೌಕದ ಮೂಲೆಯಲ್ಲಿ, ಕಡಲೆಪುರಿ ಹುರಿದು ಮಾರುವ ನಿಂಗಾಜಮ್ಮನ ಎರಡಂಕಣದ ಮನೆ. ಒಂದು ಅಂಕಣದಲ್ಲಿ ಒಲೆ, ಇನ್ನೊಂದರಲ್ಲಿ ನಿಂಗಾಜಮ್ಮ ಮತ್ತು ಮೂವರು ಮೊಮ್ಮಕ್ಕಳು.

ಆ ಮೂಲೆ ರಾಣಿಯ ತಮ್ಮ ಮಲ್ಲರಾಜನ ಕಣ್ಣಿಗೆ ಬಿತ್ತು. ಅಲ್ಲೊಂದು ಉಪ್ಪರಿಗೆ ಕಟ್ಟಿ ಕೂತರೆ ಊರಿಗೆ ಊರೇ ಕೆಳಗೆ ಹಾದುಹೋಗುವಾಗ ಕೈಮುಗಿಯುತ್ತದೆ ಎಂಬುದು ಅವನ ಲೆಕ್ಕ.

“ಭಾವ, ನಾನೇನು ಸುಮ್ಮನೆ ಕಿತ್ಕೊಳ್ತೀನಾ?” ಎಂದ ಮಲ್ಲರಾಜ, ತುಂಬಿದ ಸಭೆಯಲ್ಲಿ. “ಹುಲಿಗುಡ್ಡದ ಮೇಲೆ ನನ್ನದು ಹನ್ನೆರಡು ಅಂಕಣದ ಮನೆ ಖಾಲಿ ಇದೆ. ಅದನ್ನೇ ಕೊಡ್ತೀನಿ.”

ನಾಯಕರು ಬೆರಳು ಮಡಿಸಿದರು. “ಎರಡಕ್ಕೆ ಹನ್ನೆರಡು! ಇನ್ನೇನಮ್ಮ ಬೇಕು ನಿನಗೆ?”

“ಬುದ್ಧೀ, ಹುಲಿಗುಡ್ಡ ಎರಡು ಹರದಾರಿ ದೂರ. ಅಲ್ಲಿ ಪುರಿ ಕೊಳ್ಳೋರು ಯಾರು? ನರಿಗಳಾ?” ಎಂದಳು ಎದುರು ನಿಂತಿದ್ದ ನಿಂಗಾಜಮ್ಮ.

“ಅಲ್ಲಿ ಗಾಳಿ ಚೆನ್ನಾಗಿದೆ,” ಎಂದ ಮಲ್ಲರಾಜ.

“ಗಾಳಿ ತಿಂದ್ಕೊಂಡು ನಾನು ಇದ್ದುಬಿಡ್ತೀನಿ ಸ್ವಾಮಿ. ಮೊಮ್ಮಕ್ಕಳು ಒಪ್ಪಲ್ಲ.”

ನಾಯಕರಿಗೆ ಬೇಸರವಾಯಿತು. “ಮನೆ ಅಂದ್ರೆ ಏನಮ್ಮ? ಗೋಡೆ, ಸೂರು, ಒಲೆ. ಅದು ಎಲ್ಲಿದ್ದರೇನು? ಏನಯ್ಯಾ ಚೆಲುವಯ್ಯ, ನಾನು ಹೇಳಿದ್ದು ತಪ್ಪಾ?”

ಅರಮನೆಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಚೆಲುವಯ್ಯ ಎದ್ದು ನಿಂತ. “ಉಂಟೇ ದೊರೆ? ಇಂಥ ನ್ಯಾಯ ಬಾಯಿಮಾತಲ್ಲೇ ಉಳಿಯಬಾರದು. ಓಲೆಯಲ್ಲಿ ಬರೆದುಬಿಡೋಣ. ‘ಈಗಿರುವುದಕ್ಕಿಂತ ಮೂರು ಪಟ್ಟು ಅಂಕಣ ಕೊಟ್ಟರೆ, ಜಾಗ ಬದಲಾಯಿಸಲು ತಕರಾರು ಮಾಡಕೂಡದು.’ ಯಾರಿಗಾದರೂ ವಿನಾಯಿತಿ ಬರೀಲಾ?”

“ನ್ಯಾಯಕ್ಕೆ ಎಂಥ ವಿನಾಯಿತಿ? ‘ಯಾರೇ ಆಗಲಿ’ ಅಂತ ಬರಿ.”

ಬರೆದದ್ದಾಯಿತು, ಮುದ್ರೆ ಬಿತ್ತು. ಮನೆ ಬಿಡಲು ನಿಂಗಾಜಮ್ಮನಿಗೆ ಎಂಟು ದಿನದ ಗಡುವು ಸಿಕ್ಕಿತು. ಆಕೆ ಅಳುತ್ತ ಹೋದಳು. ನಾಯಕರು ಆ ದಿನ ತಮ್ಮನ್ನು ತಾವು ಬಹಳ ಮೆಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಅವರು ಎಲೆಯ ಮುಂದೆ ಕೂತರು. ದೋಸೆ ಬರಲಿಲ್ಲ. ಬಿಸಿಲೇರಿತು. ಕೊನೆಗೆ ಬಂದ ದೋಸೆಯನ್ನು ಮುರಿಯಲು ಎರಡೂ ಕೈ ಬೇಕಾಯಿತು. ತುಪ್ಪ ಗಡ್ಡೆ ಕಟ್ಟಿತ್ತು.

ಮಧ್ಯಾಹ್ನದ ಊಟವೂ ಇಳಿಹೊತ್ತಿಗೆ ಬಂತು. ಕೊಳಗದಲ್ಲಿ ಸಾರು ಅರ್ಧವೇ ಇತ್ತು.

“ಉಳಿದ ಸಾರೆಲ್ಲೋ?”

“ಪೇಟೆಯಲ್ಲಿ ನೂಕುನುಗ್ಗಲು ಬುದ್ಧೀ,” ಎಂದ ಹೊತ್ತು ತಂದವನು. “ಜನರ ಮೇಲೆ ಚೆಲ್ಲಿತು. ರುಚಿಯಾಗಿದೆ ಅಂದರು.”

ಮೂರನೆಯ ದಿನದ ಹೊತ್ತಿಗೆ ನಾಯಕರ ಧೋತರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಸಭೆಗೆ ಬಂದವರೇ ಗುಡುಗಿದರು. “ಚೆಲುವಯ್ಯ! ನನ್ನ ಅಡುಗೆಮನೆ ಎಲ್ಲಯ್ಯಾ?”

“ಹುಲಿಗುಡ್ಡದ ಮೇಲೆ ದೊರೆ. ಇಲ್ಲಿ ನಾಲ್ಕು ಅಂಕಣದಲ್ಲಿ ಭಟ್ಟರಿಗೆ ಇಕ್ಕಟ್ಟು. ನಿಂಗಾಜಮ್ಮನ ಗಡುವು ಮುಗಿಯೋವರೆಗೆ ಆ ಮನೆ ಹೇಗೂ ಖಾಲಿ. ಸರಿಯಾಗಿ ಮೂರು ಪಟ್ಟು. ಗಾಳಿಯೂ ಚೆನ್ನಾಗಿದೆ.”

“ನಿನ್ನ ಗಾಳಿಗಿಷ್ಟು! ದೋಸೆ ಇಲ್ಲಿಗೆ ಬರೋ ಹೊತ್ತಿಗೆ ಚಪ್ಪಲಿಯಾಗಿರುತ್ತೆ!”

“ಆರಿದ್ದು ನಿಜ ದೊರೆ. ಆದರೆ ಅದೇ ಒಲೆ, ಅದೇ ಭಟ್ಟರು, ಅದೇ ಹಿಟ್ಟು. ಎಷ್ಟು ವಿಶಾಲವಾದ ಜಾಗದಲ್ಲಿ ಹುಯ್ದ ದೋಸೆ ಅಂತಲೂ ನೋಡಬೇಕಲ್ಲ?”

“ಇವತ್ತೇ ವಾಪಸು ತಾ!”

“ಓಲೆ ಅಡ್ಡ ಬರುತ್ತೆ ದೊರೆ. ತಕರಾರು ಮಾಡಕೂಡದು, ಯಾರೇ ಆಗಲಿ.”

ನಾಯಕರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೊಟ್ಟೆ ಗುರ್ರೆಂದಿತು. ಇಡೀ ಸಭೆ ಅದನ್ನು ಕೇಳಿಸಿಕೊಂಡು, ಕೇಳಿಸದವರಂತೆ ಕೂತಿತು. ಆ ದಿನ ತೀರ್ಪು ಕೊಟ್ಟದ್ದು ಆ ಹೊಟ್ಟೆಯೇ. ನಾಯಕರು ಓಲೆ ತರಿಸಿ ಎರಡು ತುಂಡು ಮಾಡಿದರು.

“ನನ್ನ ಒಲೆ ಇಲ್ಲಿಗೆ ಬರಲಿ. ಆ ಹೆಂಗಸಿನ ಒಲೆ ಅವಳಿರೋ ಜಾಗದಲ್ಲೇ ಉರೀಲಿ. ಯಾರೂ ಎಬ್ಬಿಸಕೂಡದು.”

ಸುದ್ದಿ ಹೇಳಲು ಆಳು ಚೌಕಕ್ಕೆ ಓಡಿದ. ಮಲ್ಲರಾಜನ ಮುಖ ಸಣ್ಣದಾಯಿತು. “ಹಾಗಾದರೆ ಅಷ್ಟು ದೊಡ್ಡ ಮನೆಯನ್ನ ನಾನೇನು ಮಾಡಲಿ ಭಾವ?”

ನಾಯಕರಿಗೆ ಉದಾರಬುದ್ಧಿ ಬಂತು. “ಚೆಲುವಯ್ಯನಿಗೆ ಬಹುಮಾನವಾಗಿ ಕೊಡು. ನಾಳೆಯಿಂದ ಹೆಂಡತಿ ಮಕ್ಕಳ ಸಮೇತ ಅಲ್ಲೇ ಇರಲಿ.”

ಚೆಲುವಯ್ಯ ಓಡಿಬಂದು ಕಾಲು ಹಿಡಿದ. “ದೊರೆ, ನನ್ನಿಂದ ತಪ್ಪಾಗಿದ್ದರೆ ಸೆರೆಮನೆಗೇ ಹಾಕಿಬಿಡಿ. ಅದು ಪೇಟೆಗೆ ಹತ್ತಿರ.”

ನಾಯಕರು ಬಿದ್ದು ಬಿದ್ದು ನಕ್ಕರು. ಹೊದ್ದಿದ್ದ ಶಾಲನ್ನು ತೆಗೆದು ಅವನ ಹೆಗಲಿಗೆ ಹಾಕಿ, ಅಡುಗೆಯ ಪಾತ್ರೆಗಳು ಎಲ್ಲಿಯವರೆಗೆ ಬಂದವು ಎಂದು ನೋಡಲು ತಾವೇ ಕೋಟೆಯ ಬಾಗಿಲಿಗೆ ನಡೆದರು.