ಸನ್ಮಾನದ ಶಾಲು, ಕಾರಿನ ಚಕ್ರ

ಹಾಲಿನ ಸೊಸೈಟಿ ಅಧ್ಯಕ್ಷಗಿರಿ ಸಿಕ್ಕಿದ್ದೇ ತಡ, ಗುರುಲಿಂಗಪ್ಪನವರಿಗೆ ಕರಿ ಕಾರೂ ಬಂತು, ಕೊಬ್ಬೂ ಬಂತು.

ಡ್ರೈವರ್ ಕೇಳಿದ: "ಕಾರು ಒರೆಸೋಕೆ ಮೈಕ್ರೋಫೈಬರ್ ಟವೆಲ್ ಬೇಕು ಸರ್. ಬಾನೆಟ್ಟಿಗೆ ಮೆತ್ತಂದು, ಚಕ್ರಕ್ಕೆ ಬೇರೆ."

"ಬೀರು ತುಂಬ ಸನ್ಮಾನದ ಶಾಲು ಕೊಳೀತಾ ಬಿದ್ದಿವೆ, ಅದರಲ್ಲೇ ಒರೆಸು. ಒಂದು ಗೀರು ಬಿದ್ದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ಜರಿ ಅಂಚು ಗೀಚದೆ ಬಿಡುತ್ತದೆಯೇ? ಡ್ರೈವರ್ ಬೀರು ತೆರೆದು ಒಂದು ಶಾಲು ಆರಿಸಿದ. ಭಾನುವಾರ ಶಾಸಕರು ಊಟಕ್ಕೆ ಬರುವ ಹೊತ್ತಿಗೆ, ಹಿಂದಿನ ವಾರ ಅವರೇ ಅಧ್ಯಕ್ಷರಿಗೆ ಹೊದಿಸಿದ್ದ ಆ ಶಾಲನ್ನು ನೀರಲ್ಲಿ ಅದ್ದಿ, ಗೇಟಿನೆದುರು ಚಕ್ರ ತಿಕ್ಕುತ್ತ ಕೂತ.

ಶಾಸಕರು ನಿಂತರು. "ಇದು ನಾನು ಹೊದಿಸಿದ ಶಾಲಲ್ವೇನಯ್ಯ?"

"ಹೌದು ಸರ್. ಬಾನೆಟ್ಟಿಗೆ ಆಗಲ್ಲ, ಗೀಚುತ್ತೆ. ಅದಕ್ಕೇ ಚಕ್ರಕ್ಕೆ ಇಟ್ಟಿದ್ದೀವಿ."

ಅಧ್ಯಕ್ಷರು ಓಡಿಬಂದರು. "ಕಳ್ಳ ನನ್ಮಗನೇ, ನನ್ನ ಪ್ರಾಣ ಕಣೋ ಇದು!" ಎಂದು ಶಾಲು ಕಿತ್ತುಕೊಂಡು ಹೊದ್ದೇಬಿಟ್ಟರು. ಗ್ರೀಸಿನ ವಾಸನೆಯಲ್ಲೇ ಹೋಳಿಗೆ ನುಂಗಿದರು. ಬಿಳಿ ಜುಬ್ಬದ ಮೇಲೆ ಕರಿ ನೀರು ಇಳಿಯುತ್ತಿದ್ದರೂ ಹಲ್ಲು ಕಿರಿದರು.

ಸಂಜೆ ತಾವೇ ಅಂಗಡಿಗೆ ಹೋಗಿ, ಕೆನ್ನೆಗೆ ಉಜ್ಜಿ ನೋಡಿ, ಮೆತ್ತನೆಯ ಟವೆಲ್ ಆರಿಸಿ ತಂದರು.

ಡ್ರೈವರ್ ಮುಟ್ಟಿ ನೋಡಿದ. "ಒಳ್ಳೇದು ಸರ್. ಇದನ್ನ ಯಾರೂ ನಿಮಗೆ ಹೊದಿಸಲ್ಲ. ಧೈರ್ಯವಾಗಿ ಒರೆಸಬಹುದು."